ಹನ್ನೊಂದು ದಿನ ನಡೆದೆ, ಆಮೇಲೆ ನಿಂತೇ ಹೋಯ್ತು

ಪ್ರಶ್ನೆ: ನಾನು 44 ವರ್ಷದ ಹೈಸ್ಕೂಲ್ ಟೀಚರ್. ಮನೆ ತುಮಕೂರಿನಲ್ಲಿ, ದಿನಾ ಬಸ್ಸಿನಲ್ಲಿ ಹಳ್ಳಿಯ ಶಾಲೆಗೆ ಹೋಗಿ ಬರುತ್ತೇನೆ. ಅಮ್ಮನಿಗೆ ಸಕ್ಕರೆ ಕಾಯಿಲೆ ಇತ್ತು. ಈಚೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ನನ್ನ ಎಚ್‌ಬಿಎ1ಸಿ (ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) 6.1 ಬಂತು. ‘ಮಾತ್ರೆ ಸದ್ಯಕ್ಕೆ ಬೇಡ, ವಾಕಿಂಗ್ ಮಾಡಿ, ಊಟದಲ್ಲಿ ಹಿಡಿತ ಇರಲಿ’ ಎಂದು ಡಾಕ್ಟರು ಹೇಳಿದರು. ಯುಗಾದಿಯ ದಿನ ಹೊಸ ಶೂ ಹಾಕಿಕೊಂಡು, ಬೆಳಗ್ಗೆ 5ಕ್ಕೆ ಎದ್ದು ಅಮಾನಿಕೆರೆ ಹತ್ತಿರ 45 ನಿಮಿಷ ನಡೆಯಲು ಶುರು ಮಾಡಿದೆ. ಅವತ್ತಿನಿಂದಲೇ ಅನ್ನ, ಸಕ್ಕರೆ ಎರಡೂ ಬಿಟ್ಟೆ. ಹನ್ನೊಂದು ದಿನ ನಡೆಯಿತು. ಆಮೇಲೆ ನೆಂಟರು ಬಂದರು, ಮೌಲ್ಯಮಾಪನದ ಡ್ಯೂಟಿ ಬಿತ್ತು, ಮಳೆಯೂ ಹಿಡಿಯಿತು. ಎಲ್ಲ ನಿಂತೇ ಹೋಯ್ತು. ಹೀಗಾಗುತ್ತಿರುವುದು ಇದು ನಾಲ್ಕನೇ ಸಲ. 21 ದಿನ ಮಾಡಿದರೆ ಅಭ್ಯಾಸ ಆಗುತ್ತೆ ಅಂತಾರೆ. ನಾನು ಅಲ್ಲಿಗೇ ಮುಟ್ಟುತ್ತಿಲ್ಲ. ನನ್ನ ಮನಸ್ಸು ಗಟ್ಟಿ ಇಲ್ವಾ ಡಾಕ್ಟ್ರೇ?

ಉತ್ತರ: ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮನಸ್ಸು ಗಟ್ಟಿ ಇಲ್ಲದವರಿಗೆ ದಿನಾ ಬಸ್ಸು ಹಿಡಿದು ಹೋಗಿ ಹತ್ತನೇ ಕ್ಲಾಸಿನ ಮಕ್ಕಳನ್ನು ಒಂದು ಪೀರಿಯಡ್ ಸುಮ್ಮನೆ ಕೂರಿಸಲು ಆಗುವುದಿಲ್ಲ. ನಿಮ್ಮಲ್ಲಿ ಮನೋಬಲ ಬೇಕಾದಷ್ಟಿದೆ. ಅದು ಬೆಳಗಿನಿಂದ ರಾತ್ರಿವರೆಗೆ ಹತ್ತು ಕಡೆ ಖರ್ಚಾಗಿಬಿಡುತ್ತದೆ, ಅಷ್ಟೇ. ಎಡವಟ್ಟಾಗಿರುವುದು ಬೇರೆ ಕಡೆ. ನೀವು ವಾಕಿಂಗನ್ನು ಯಾವುದಕ್ಕೂ ಕಟ್ಟಿರಲಿಲ್ಲ. ಗೂಟಕ್ಕೆ ಕಟ್ಟದ ಹಸು ಎಷ್ಟು ದಿನ ಅಂತ ತಾನಾಗಿಯೇ ಮನೆ ಮುಂದೆ ನಿಂತಿರುತ್ತದೆ? ನಿಮ್ಮದು ಹನ್ನೊಂದು ದಿನ ನಿಂತಿತ್ತು. ಅದೇ ಜಾಸ್ತಿ.

ಅದೂ ಅಲ್ಲದೆ, ಬೇವು ಬೆಲ್ಲದ ಹಬ್ಬದ ದಿನವೇ ಬೆಲ್ಲ ಬಿಟ್ಟು ಬೇವು ಮಾತ್ರ ಇಟ್ಟುಕೊಂಡಿದ್ದೀರಿ! ಐದು ಗಂಟೆಗೆ ಏಳುವುದು, ಮುಕ್ಕಾಲು ಗಂಟೆ ನಡೆಯುವುದು, ಅನ್ನ ಬಿಡುವುದು, ಸಕ್ಕರೆ ಬಿಡುವುದು. ಒಂದೇ ದಿನ ನಾಲ್ಕು ಹೊಸ ಕೆಲಸ. ಹೊಸದಾಗಿ ಸೇರಿದ ಮಗುವಿಗೆ ಮೊದಲ ದಿನವೇ ನಾಲ್ಕು ಪಾಠ ಒಪ್ಪಿಸು ಎಂದು ನೀವೇ ಹೇಳುವುದಿಲ್ಲ, ಅಲ್ವಾ?

ಈಗ ನಿಮ್ಮ 6.1ರ ವಿಷಯ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಅದನ್ನು ಪ್ರೀಡಯಾಬಿಟಿಸ್ ಎನ್ನುತ್ತೇವೆ. ಜನ ಇದಕ್ಕೆ ‘ಬಾರ್ಡರ್ ಶುಗರ್’ ಎನ್ನುತ್ತಾರೆ. 6.5 ಮುಟ್ಟಿದರೆ ಸಕ್ಕರೆ ಕಾಯಿಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ನಿಮ್ಮ ಹಾಗೆ ಬಾರ್ಡರ್‌ನಲ್ಲಿ ಇರುವವರು ಇನ್ನೂ 13.6 ಕೋಟಿ.

ಬಾರ್ಡರ್‌ನಲ್ಲಿ ಇದ್ದವರೆಲ್ಲ ಆಚೆ ದಾಟಲೇಬೇಕು ಎಂದೇನಿಲ್ಲ. ಇದಕ್ಕೆ ಅಮೆರಿಕದ ಉದಾಹರಣೆ ಬೇಕಿಲ್ಲ, ಪಕ್ಕದ ಚೆನ್ನೈನಲ್ಲೇ ಇದೆ. ಡಾ. ಎ. ರಾಮಚಂದ್ರನ್ ಅವರ ತಂಡ ಇಂಥ 531 ಜನರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾಮಾನ್ಯ ಸಲಹೆ ಮಾತ್ರ ಸಿಕ್ಕವರಲ್ಲಿ ನೂರಕ್ಕೆ 55 ಮಂದಿಗೆ ಸಕ್ಕರೆ ಕಾಯಿಲೆ ಬಂತು. ನಡಿಗೆ ಮತ್ತು ಊಟದಲ್ಲಿ ಬದಲಾವಣೆ ಮಾಡಿಕೊಂಡವರಲ್ಲಿ 39 ಮಂದಿಗೆ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆಯಿಂದಲೂ ಹೆಚ್ಚುಕಡಿಮೆ ಇಷ್ಟೇ ಲಾಭವಾಗಿತ್ತು. ಅವರಿಗೆ ಹೇಳಿದ್ದ ವ್ಯಾಯಾಮ ದಿನಕ್ಕೆ ಕನಿಷ್ಠ ಅರ್ಧ ಗಂಟೆ ನಡಿಗೆ. ಜಿಮ್ ಇಲ್ಲ, ಪ್ರೋಟೀನ್ ಪುಡಿ ಇಲ್ಲ. ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಲಾಭ ಸಿಕ್ಕಿತ್ತು. ತೂಕದ ಮೆಷಿನ್ ನೋಡಿ ನೋಡಿ ಬೇಸರಪಟ್ಟುಕೊಳ್ಳುವವರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ.

ಆದರೆ ಆ ಅರ್ಧ ಗಂಟೆಯನ್ನು ಮೂರು ವರ್ಷ ಮಾಡುವುದು ಹೇಗೆ? ನಿಮ್ಮ ಪ್ರಶ್ನೆ ಇರುವುದು ಅಲ್ಲೇ. ‘ಹನಿ ಹನಿ ಕೂಡಿದರೆ ಹಳ್ಳ’ ಎಂದು ಹೇಳಿ ನಿಮ್ಮನ್ನು ಕಳಿಸಿಬಿಡಬಹುದಿತ್ತು. ಹನಿ ದಿನಾ ಬೀಳುವ ಹಾಗೆ ಮಾಡುವುದು ಹೇಗೆ ಎಂಬುದನ್ನು ಗಾದೆ ಹೇಳುವುದಿಲ್ಲ.

ಒಂದು ಪ್ರಶ್ನೆ ಕೇಳುತ್ತೇನೆ. ರಾತ್ರಿ ಹಾಲಿಗೆ ಹೆಪ್ಪು ಹಾಕುವುದನ್ನು ಕಳೆದ ವರ್ಷ ಎಷ್ಟು ಸಲ ಮರೆತಿದ್ದೀರಿ? ಒಂದೆರಡು ಸಲ ಇರಬಹುದು. ನೆಂಟರು ಬಂದಾಗಲೂ ಹಾಕಿದ್ದೀರಿ. ಮೌಲ್ಯಮಾಪನದಿಂದ ಸುಸ್ತಾಗಿ ಬಂದಾಗಲೂ ಹಾಕಿದ್ದೀರಿ. ಅದಕ್ಕೆ ಮನೋಬಲ ಬೇಕಾಯಿತಾ? ಅಡುಗೆ ಕಟ್ಟೆ ಒರೆಸಿ ಆಯಿತು, ಹಾಲು ಉಗುರು ಬೆಚ್ಚಗಿದೆ, ಕೈ ತಾನಾಗಿ ಮೊಸರಿನ ಪಾತ್ರೆಗೆ ಹೋಗುತ್ತದೆ. ಬಾಯಲ್ಲಿ ಮಗನಿಗೆ ಬೈಯುತ್ತಲೇ ಇರುತ್ತೀರಿ, ಕೆಲಸ ಮುಗಿದಿರುತ್ತದೆ. ಅಭ್ಯಾಸ ಅಂದರೆ ಇದು. ಒಂದು ಕೆಲಸ ಮುಗಿದದ್ದೇ ಇನ್ನೊಂದಕ್ಕೆ ಗಂಟೆ ಹೊಡೆಯುತ್ತದೆ.

ಮಿದುಳಿನಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಆನ್ ಗ್ರೇಬಿಯಲ್ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ದಾರೆ. ‘ಟಿ’ ಆಕಾರದ ಹಾದಿ, ಕೊನೆಯಲ್ಲಿ ಚಾಕಲೇಟ್. ಹೊಸತರಲ್ಲಿ ಇಲಿ ಓಡುವಷ್ಟು ಹೊತ್ತೂ ಮಿದುಳಿನ ಆಳದ ಒಂದು ಭಾಗ ಚುರುಕಾಗಿರುತ್ತಿತ್ತು. ದಾರಿ ರೂಢಿಯಾದ ಮೇಲೆ ಅದೇ ಭಾಗ ಓಟದ ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮಾತ್ರ ಜೋರಾಗಿ ಕೆಲಸ ಮಾಡುತ್ತಿತ್ತು. ನಡುವಿನದೆಲ್ಲ ಒಂದೇ ಗಂಟಾಗಿ ತಾನೇ ಉರುಳಿಕೊಂಡು ಹೋಗುತ್ತಿತ್ತು. ಬಸ್‌ಸ್ಟಾಪಿನಲ್ಲಿ ನಿಂತು ‘ಮನೆಗೆ ಬೀಗ ಹಾಕಿದೆನಾ?’ ಎಂದು ಗಾಬರಿಯಾಗುತ್ತೀರಲ್ಲ, ಅದೂ ಇದರ ಫಲವೇ. ಬೀಗ ಹಾಕಿರುತ್ತೀರಿ. ಹಾಕಿದ್ದು ನಿಮಗೆ ಗೊತ್ತಾಗಿರುವುದಿಲ್ಲ.

ಹಾಗಾಗಿ ಹೊಸ ಕೆಲಸಕ್ಕೆ ಹೊಸ ಸಮಯ ಹುಡುಕಬೇಡಿ. ಬೆಳಗಿನ ಐದು ಗಂಟೆ ಎಂಬುದು ನಿಮ್ಮ ದಿನದಲ್ಲಿ ಇರಲೇ ಇಲ್ಲ. ನಿದ್ದೆಯಿಂದ ಕಿತ್ತು ತಂದದ್ದು. ಅದಕ್ಕೆ ಮುಂದಿನದೂ ಇಲ್ಲ, ಹಿಂದಿನದೂ ಇಲ್ಲ. ನಿಮ್ಮ ದಿನದಲ್ಲಿ ಈಗಾಗಲೇ ಗಟ್ಟಿಯಾಗಿ ನೆಟ್ಟಿರುವ ಗೂಟ ಯಾವುದು ನೋಡಿ. ನಾನು ಆರಿಸುವುದಾದರೆ ರಾತ್ರಿ ಊಟ. ನಿಮ್ಮ ತಟ್ಟೆ ಸಿಂಕಿಗೆ ಬಿದ್ದ ಕೂಡಲೇ ಕಾಲಿಗೆ ಚಪ್ಪಲಿ. ಮನೆ ಮುಂದಿನ ರಸ್ತೆಯಲ್ಲಿ ಐದು ನಿಮಿಷ, ಅಷ್ಟೇ. ಪಾತ್ರೆ, ಕಟ್ಟೆ, ಹೆಪ್ಪು ಎಲ್ಲ ವಾಪಸ್ ಬಂದ ಮೇಲೆ. ಮೊದಲು ಪಾತ್ರೆ ಮುಗಿಸೋಣ ಎಂದು ಕೂತರೆ ಗಂಟೆ ಹತ್ತಾಗುತ್ತದೆ, ಮಂಚ ಕರೆಯುತ್ತದೆ.

ಊಟವೇ ಯಾಕೆ ಅಂದರೆ, ಅದಕ್ಕೆ ವೈದ್ಯಕೀಯ ಕಾರಣವೂ ಇದೆ. ಅನ್ನ, ಮುದ್ದೆ, ಚಪಾತಿ ಏನೇ ತಿನ್ನಿ, ರಕ್ತದಲ್ಲಿ ಸಕ್ಕರೆ ಏರಿ ಸುಮಾರು ಒಂದು ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ. ಆ ಏರು ಹೊತ್ತಿನಲ್ಲಿ ಕಾಲಿನ ಸ್ನಾಯು ಆಡಿದರೆ, ಇನ್ಸುಲಿನ್ ಕರೆಯಲಿ ಎಂದು ಕಾಯದೆ ಅದೇ ನೇರವಾಗಿ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. 2013ರಲ್ಲಿ ಅಮೆರಿಕದಲ್ಲಿ ಒಂದು ಪುಟ್ಟ ಅಧ್ಯಯನ ನಡೆಯಿತು. ಇದ್ದದ್ದು ಹತ್ತೇ ಜನ. ಎಲ್ಲರೂ 60 ದಾಟಿದವರು, ಬಾರ್ಡರ್ ಶುಗರ್ ಇದ್ದವರು. ಮೂರೂ ಊಟದ ನಂತರ 15 ನಿಮಿಷ ನಡೆದಾಗ ರಾತ್ರಿ ಊಟದ ನಂತರದ ಸಕ್ಕರೆ ಚೆನ್ನಾಗಿ ಹಿಡಿತಕ್ಕೆ ಬಂತು. ಒಟ್ಟಿಗೆ 45 ನಿಮಿಷ ನಡೆದಾಗ ಅಷ್ಟು ಬರಲಿಲ್ಲ. ಹತ್ತು ಜನರ ಅಧ್ಯಯನವನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ. ಆದರೆ ಆಮೇಲೆ ಬಂದ ಬೇರೆ ಅಧ್ಯಯನಗಳೂ ಊಟದ ನಂತರದ ನಾಲ್ಕಾರು ನಿಮಿಷದ ಓಡಾಟಕ್ಕೂ ಬೆಲೆ ಇದೆ ಎಂದೇ ಹೇಳಿವೆ. ವಿಶ್ವ ಆರೋಗ್ಯ ಸಂಸ್ಥೆ ಮೊದಲು ‘ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಆಗಬೇಕು’ ಎನ್ನುತ್ತಿತ್ತು. 2020ರಲ್ಲಿ ಆ ಷರತ್ತನ್ನೇ ತೆಗೆದುಹಾಕಿತು. ವಾರಕ್ಕೆ 150 ನಿಮಿಷ ಆಗಲಿ, ಚೂರು ಚೂರಾಗಿ ಕೂಡಿದರೂ ಸರಿ ಎಂಬುದು ಈಗಿನ ಮಾತು.

ಐದೇ ನಿಮಿಷದಿಂದ ಏನಾಗುತ್ತೆ ಎಂದು ನಿಮಗೆ ಅನಿಸುತ್ತಿರಬಹುದು. ನನ್ನ ಹತ್ತಿರ ಬರುವವರೆಲ್ಲ ಇದನ್ನೇ ಕೇಳುತ್ತಾರೆ. ಮೊದಲ ಎರಡು ತಿಂಗಳ ಐದು ನಿಮಿಷ ಸಕ್ಕರೆ ಇಳಿಸಲಿಕ್ಕೆ ಅಂತ ಅಲ್ಲ. ಗೂಟ ನೆಡಲಿಕ್ಕೆ. ಅಳತೆಯನ್ನು ನಿಮ್ಮ ಒಳ್ಳೆಯ ದಿನಕ್ಕೆ ಹೊಲಿಸಬೇಡಿ. ಶನಿವಾರ ಬೆಳಗಿನ ಶಾಲೆ ಮುಗಿಸಿ, ನೆಂಟರಿಗೆ ಅಡುಗೆ ಮಾಡಿ, ತಲೆ ಸಿಡಿಯುತ್ತಿರುವ ದಿನಕ್ಕೆ ಹೊಲಿಸಿ. ಅವತ್ತೂ ಆಗುವಷ್ಟು ಚಿಕ್ಕದಿರಬೇಕು. ಮಳೆ ಬಂದರೆ ಹಾಲ್‌ನಲ್ಲೇ ಗೋಡೆಯಿಂದ ಗೋಡೆಗೆ. ನೆಂಟರಿದ್ದರೆ ಅವರನ್ನೂ ಕರೆದುಕೊಂಡು ಹೊರಡಿ. ಊಟ ಭಾರವಾದ ನೆಂಟರು ಬೇಡ ಎನ್ನುವುದಿಲ್ಲ.

ಇನ್ನು ಆ 21 ದಿನದ ಕಥೆ. ಅದಕ್ಕೂ ಅಭ್ಯಾಸಕ್ಕೂ ಸಂಬಂಧವೇ ಇಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಒಂದು ಪುಸ್ತಕ ಬರೆದರು. ಮುಖದ ಆಪರೇಷನ್ ಆದವರಿಗೆ ಕನ್ನಡಿಯಲ್ಲಿ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಅದರಲ್ಲಿ ಹೇಳಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆ ಅಂದರೂ’ ಬಿದ್ದುಹೋಯಿತು, ಮುಖದ ಮಾತು ವಾಕಿಂಗಿನ ಮಾತಾಯಿತು! ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಅವರ ಸಂಗಡಿಗರು. 96 ಜನ, 12 ವಾರ. ಪ್ರತಿಯೊಬ್ಬರೂ ಒಂದೊಂದು ಚಿಕ್ಕ ಕೆಲಸ ಆರಿಸಿಕೊಂಡು, ಅದನ್ನು ದಿನದ ಯಾವುದಾದರೂ ಒಂದು ಹೊತ್ತಿಗೆ ಕಟ್ಟಿಕೊಂಡರು. ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ನಡುವಿನ ಲೆಕ್ಕದಲ್ಲಿ 66 ದಿನ ಹಿಡಿಯಿತು. ಆದರೆ ಒಬ್ಬರಿಗೆ 18 ದಿನ ಸಾಕಾಗಿದ್ದರೆ, ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಎಂಬ ಅಂದಾಜು ಬಂತು. ನೀರು ಕುಡಿಯುವಂಥದ್ದು ಬೇಗ ಕೂತಿತು. ವ್ಯಾಯಾಮಕ್ಕೆ ಸುಮಾರು ಒಂದೂವರೆ ಪಟ್ಟು ಸಮಯ ಹಿಡಿಯಿತು. ನಿಮಗೆ ಬೇಕಾದ ಮಾತು ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಹನ್ನೆರಡನೇ ದಿನ ನೆಂಟರು ಬಂದಾಗ ನಿಮ್ಮ ವಾಕಿಂಗ್ ಸತ್ತಿರಲಿಲ್ಲ. ಸತ್ತಿದೆ ಎಂದುಕೊಂಡು ನೀವು ತಿಥಿ ಮಾಡಿಬಿಟ್ಟಿರಿ.

ಈ ‘ಹೆಂಗಿದ್ರೂ ಇವತ್ತು ಕೆಟ್ಟಿತು, ಇನ್ನೊಂದು ಹೋಳಿಗೆ ಹಾಕಿ’ ಎನ್ನುವ ಬುದ್ಧಿ ಇದೆಯಲ್ಲ, ಅದನ್ನೂ ಮನಃಶಾಸ್ತ್ರಜ್ಞರು ಪರೀಕ್ಷೆ ಮಾಡಿದ್ದಾರೆ. 1975ರಲ್ಲಿ ಪೀಟರ್ ಹರ್ಮನ್ ಅವರ ಒಂದು ಪ್ರಯೋಗದಲ್ಲಿ ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಇಟ್ಟರು. ಸಾಮಾನ್ಯ ಜನ ಹೊಟ್ಟೆ ತುಂಬಿದೆ ಎಂದು ಕಡಿಮೆ ತಿಂದರು. ಸದಾ ಪಥ್ಯದಲ್ಲಿ ಇರುವವರು, ಮಿಲ್ಕ್‌ಶೇಕ್‌ನಿಂದ ಇವತ್ತಿನ ವ್ರತ ಕೆಟ್ಟೇಹೋಯಿತು ಎಂದು ಇನ್ನೂ ಜಾಸ್ತಿ ತಿಂದರು. ಕಟ್ಟುನಿಟ್ಟು ಹೆಚ್ಚಿದ್ದಷ್ಟೂ ಜಾರುವುದೂ ಜೋರು. ಅದಕ್ಕೇ ನಿಮಗೆ ಅನ್ನ ಬಿಡಿ ಎಂದು ನಾನು ಹೇಳುವುದಿಲ್ಲ.

ಕಾಗದದ ಮೇಲೆ ಒಂದು ಸಾಲು ಬರೆದಿಡಿ: ‘ರಾತ್ರಿ ನನ್ನ ತಟ್ಟೆ ಸಿಂಕಿಗೆ ಹಾಕಿದ ಕೂಡಲೇ ಚಪ್ಪಲಿ ಹಾಕಿಕೊಂಡು ಗೇಟಿನ ಆಚೆ ಐದು ನಿಮಿಷ.’ ಮಕ್ಕಳಾಟ ಎನಿಸುತ್ತದೆ. ಬ್ರಿಟನ್ನಿನಲ್ಲಿ 248 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ವಾರದಲ್ಲಿ ಒಂದು ಸಲವಾದರೂ 20 ನಿಮಿಷ ಚೆನ್ನಾಗಿ ವ್ಯಾಯಾಮ ಮಾಡಬೇಕು, ಅಷ್ಟೇ. ಏನೂ ಹೇಳದೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 38 ಮಂದಿ ಮಾಡಿದರು. ಹೃದ್ರೋಗದ ಅಪಾಯ, ವ್ಯಾಯಾಮದ ಲಾಭ ಎಲ್ಲ ಓದಿಸಿದ ಗುಂಪಿನಲ್ಲಿ 35. ಅದೇ ಓದಿನ ಜೊತೆಗೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಬರೆಸಿಕೊಂಡ ಗುಂಪಿನಲ್ಲಿ 91. ನಾವು ಡಾಕ್ಟರುಗಳು ಕೊಡುವ ಉಪದೇಶದ ತೂಕ ಎಷ್ಟು ಎಂದು ನನಗೆ ಗೊತ್ತಾದದ್ದು ಇದನ್ನು ಓದಿದ ಮೇಲೆ.

ನನ್ನದೇ ಕಥೆ ಕೇಳಿ. ‘ನೀರು ಚೆನ್ನಾಗಿ ಕುಡಿಯಿರಿ’ ಎಂದು ದಿನಕ್ಕೆ ಐವತ್ತು ಸಲ ಹೇಳುವ ನನಗೆ ಕಿಡ್ನಿಯಲ್ಲಿ ಕಲ್ಲಾಯಿತು. ಬಾಟಲಿ ಬ್ಯಾಗಿನೊಳಗೆ ಇರುತ್ತಿತ್ತು, ಸಂಜೆ ಹಾಗೆಯೇ ಮನೆಗೆ ವಾಪಸ್ ಬರುತ್ತಿತ್ತು. ಫೋನಿನಲ್ಲಿ ಅಲಾರಾಂ ಇಟ್ಟೆ, ಆಫ್ ಮಾಡುವುದೇ ಒಂದು ಅಭ್ಯಾಸವಾಯಿತು. ಕೊನೆಗೆ ಬಾಟಲಿಯನ್ನು ಚೀಟಿ ಬರೆಯುವ ಪ್ಯಾಡಿನ ಪಕ್ಕ ಇಟ್ಟುಕೊಂಡೆ. ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಒಳಗೆ ಬರುವ ನಡುವೆ ಎರಡು ಗುಟುಕು. ರೋಗಿ ಎದ್ದರೆ ಕೈ ಬಾಟಲಿಗೆ ಹೋಗುತ್ತದೆ. ಭಾನುವಾರ ಮಾತ್ರ ರೋಗಿಗಳೂ ಇಲ್ಲ, ನೀರೂ ಇಲ್ಲ. ಗೂಟ ಇಲ್ಲದ ದಿನ ಹಸುವೂ ಇಲ್ಲ! ಭಾನುವಾರಕ್ಕೆ ಬೇರೆ ಗೂಟ ಹುಡುಕಬೇಕಾಯಿತು.

ನಿಮಗೂ ಇದೇ ಆಗಿದೆ. ಯುಗಾದಿ ಆದ ಸ್ವಲ್ಪ ದಿನಕ್ಕೆ ಬೇಸಿಗೆ ರಜೆ, ಮೌಲ್ಯಮಾಪನ, ನೆಂಟರು. ವರ್ಷದಲ್ಲಿ ನಿಮ್ಮ ದಿನಚರಿ ಪೂರ್ತಿ ತಲೆಕೆಳಗಾಗುವ ಕಾಲ ಅದು. ಶಾಲೆ ನಡೆಯುತ್ತಿರುವಾಗ ಶುರು ಮಾಡಿ. ದಸರಾ ರಜೆ ಬರುವ ಮೊದಲೇ ರಜೆಯ ಗೂಟ ಯಾವುದು ಎಂದು ಯೋಚಿಸಿಡಿ. ರಾತ್ರಿ ಊಟವಾದರೆ ರಜೆಯಲ್ಲೂ ಇರುತ್ತದೆ, ತವರಿಗೆ ಹೋದರೂ ಇರುತ್ತದೆ.

ಒಂದು ಕಹಿ ಮಾತನ್ನೂ ಹೇಳಬೇಕು. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ ಎಂದು ಬಂತು. ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ‘ಸಮಯ ಮಾಡಿಕೊಳ್ಳಿ’ ಎಂದು ನಿಮಗೆ ಹೇಳುವ ಮೊದಲು ಈ ಎರಡು ಅಂಕಿಗಳನ್ನು ಮನೆಯಲ್ಲಿ ಜೋರಾಗಿ ಓದಿ ಹೇಳಬೇಕು ಎನಿಸುತ್ತದೆ. ನೀವು ಗೇಟಿನ ಆಚೆ ಇರುವ ಐದು ನಿಮಿಷ ಯಾರಾದರೂ ತಟ್ಟೆ ಎತ್ತಲಿ. ‘ಊಟ ಆದ ಮೇಲೆ ಹೊರಗೆ ಯಾಕೆ?’ ಎಂದು ಮನೆಯ ಹಿರಿಯರು ಕೇಳಿದರೆ, ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದು ಹೇಳಿ. ಈ ಮಾತಿಗೆ ನಮ್ಮ ಮನೆಗಳಲ್ಲಿ ಇನ್ನೂ ಬೆಲೆ ಇದೆ.

ಎಷ್ಟು ದಿನಕ್ಕೆ ಹೆಚ್ಚಿಸಬೇಕು? ಒಂದು ದಿನ ಹೋಗದೆ ಇದ್ದಾಗ ‘ಏನೋ ಮರೆತೆನಲ್ಲ’ ಎಂದು ಅನಿಸಲು ಶುರುವಾದರೆ ಗೂಟ ಕೂತಿದೆ ಎಂದರ್ಥ. ಆಗ ಹತ್ತು ನಿಮಿಷ ಮಾಡಿ, ಆಮೇಲೆ ಹದಿನೈದು. ಬೇಕಾದರೆ ಶಾಲೆಯಲ್ಲಿ ಮಧ್ಯಾಹ್ನದ ಊಟದ ನಂತರ ಮೈದಾನದ ಸುತ್ತ ಒಂದು ಸುತ್ತು ಸೇರಿಸಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಫೋನು ಹೆದರಿಸಿದರೆ ಹೆದರಬೇಡಿ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಸುಮಾರು 17 ಸಾವಿರ ಹಿರಿಯ ಮಹಿಳೆಯರ ಮೇಲೆ ನಡೆದ 2019ರ ಅಮೆರಿಕದ ಅಧ್ಯಯನ ನೋಡಿ. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇಕಡಾ 41ರಷ್ಟು ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ.

ಸಕ್ಕರೆಯ ವಿಷಯಕ್ಕೆ ಎರಡು ತಿಂಗಳಾದ ಮೇಲೆ ಬನ್ನಿ. ಮನೆಯಲ್ಲಿ ಎರಡು, ಸ್ಟಾಫ್ ರೂಮಿನಲ್ಲಿ ಎರಡು, ಹೀಗೆ ದಿನಕ್ಕೆ ನಾಲ್ಕು ಲೋಟ ಕಾಫಿ, ಟೀ ಎಂದಿಟ್ಟುಕೊಳ್ಳಿ. ಲೋಟಕ್ಕೆ ಎರಡು ಚಮಚ ಅಂದರೆ ದಿನಕ್ಕೆ 32 ಗ್ರಾಮಿನ ಹತ್ತಿರ, ತಿಂಗಳಿಗೆ ಹೆಚ್ಚುಕಡಿಮೆ ಒಂದು ಕೆಜಿ. ಒಂದೇ ಸಲ ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿ, ನಾಲಿಗೆಗೆ ಗೊತ್ತೇ ಆಗುವುದಿಲ್ಲ. ಬೆಲ್ಲ ಹಾಕಿದರೆ ಪರವಾಗಿಲ್ವಾ ಎಂದು ಕೇಳಬೇಡಿ. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ.

ಊಟದಲ್ಲಿ ನಿಮಗೆ ಹೊಸದೇನೂ ಕಲಿಸಬೇಕಿಲ್ಲ. ಹಬ್ಬದ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುತ್ತವೆ, ಅನ್ನ ಆಮೇಲೆ. ಮನೆಯ ತಟ್ಟೆಯಲ್ಲೂ ಪಲ್ಯ, ಕಾಳು ಮೊದಲು ತಿಂದು ಅನ್ನಕ್ಕೆ ಆಮೇಲೆ ಬಂದರೆ ಸಕ್ಕರೆ ಅಷ್ಟು ಬಿರುಸಾಗಿ ಏರುವುದಿಲ್ಲ. ಚಿಕ್ಕ ಚಿಕ್ಕ ಅಧ್ಯಯನಗಳಲ್ಲಿ ಇದು ಕಂಡುಬಂದಿದೆ. ಮತ್ತೆ, ತುಮಕೂರಿನವರು ‘ನಮ್ಮದು ಮುದ್ದೆ ಸಾರ್, ಶುಗರ್ ಬರಲ್ಲ’ ಎನ್ನುತ್ತಾರೆ. ರಾಗಿ ಒಳ್ಳೆಯದು, ನಾರು ಇದೆ, ಕ್ಯಾಲ್ಸಿಯಂ ಇದೆ. ಆದರೆ ರಾಗಿ ಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಮುದ್ದೆಯ ಗಾತ್ರ ನೋಡಿಕೊಳ್ಳಿ.

ನಡೆಯುವಾಗ ಎದೆ ಬಿಗಿದರೆ, ವಿಪರೀತ ಏದುಸಿರು ಬಂದರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಜ್ವರ ಬಂದ ದಿನ ಐದು ನಿಮಿಷವೂ ಬೇಡ.

ಕೊನೆಯದಾಗಿ, ನಿಮ್ಮ ಪತ್ರದಲ್ಲಿ ಹಿಮೋಗ್ಲೋಬಿನ್ ಎಷ್ಟು ಎಂದು ಬರೆದಿಲ್ಲ. ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಾಗಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹಾಗಾಗಿ ಹಿಮೋಗ್ಲೋಬಿನ್, ಖಾಲಿ ಹೊಟ್ಟೆಯ ಸಕ್ಕರೆ ಎರಡನ್ನೂ ಈ ವಾರವೇ ಮಾಡಿಸಿ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುತ್ತದೆ. ಅದನ್ನು ಮಾತ್ರ ಮೂರು ತಿಂಗಳು ಬಿಟ್ಟು ಮಾಡಿಸಿ, ನಡುವೆ ಪದೇ ಪದೇ ಬೇಡ. ಮೂರೂ ಅಂಕಿ ಬರೆದು ಕಳಿಸಿ. ಜೊತೆಗೆ ತಟ್ಟೆ ಯಾರು ಎತ್ತಿದರು ಎಂಬುದನ್ನೂ ತಿಳಿಸಿ.